ಗಾಳಿ ತುಂಬಿದ ಮೇಲೆ ಅಳೆಯುವವರು

ಕಳೆದ ಶನಿವಾರ ನಮ್ಮ ಗಣಿಯ ಕ್ಯಾಂಟೀನಿನಲ್ಲಿ ಅವರಿಗೆ ಶಾಲು ಹೊದಿಸಿ, ಪೇಟ ಇಟ್ಟು, ಕೈಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದೆವು. ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು: ಮೂವತ್ತೊಂದು ವರ್ಷದ ನೌಕರಿಯಲ್ಲಿ ಸಾಹೇಬರ ದಾಖಲೆಯಲ್ಲಿ ಒಂದೂ ಅಪಘಾತವಿಲ್ಲ. ನಾನೂ ಚಪ್ಪಾಳೆ ತಟ್ಟಿದೆ. ತಟ್ಟುವಾಗ ಬಲ ಮೊಣಕೈಯೊಳಗೆ ಚಳಕ್ ಎಂದಿತು. ಆ ನೋವು ಅವರ ದಾಖಲೆಗೆ ಸೇರುವುದಿಲ್ಲ. ಅದು ಗಣಿಯ ಗೇಟಿನ ಆಚೆ ಆದದ್ದು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಇದರ ಒಂದು ಪ್ರತಿಯನ್ನು ಮೊದಲು ಅವರಿಗೆ ಒಪ್ಪಿಸಿ, ಪುಟಪುಟಕ್ಕೂ ಸಹಿ ಮಾಡಿಸಿಕೊಂಡು ಬರಬೇಕಾಗುತ್ತದೆ. ಗಣಿಯಲ್ಲಿ ಎಲ್ಲರೂ ಅವರನ್ನು ಸೇಫ್ಟಿ ಸಾಹೇಬರು ಎನ್ನುತ್ತಿದ್ದರು. ಯಶವಂತನಗರದ ಹತ್ತಿರ ನಮ್ಮ ಗಣಿ. ನಾನು ಅಲ್ಲಿನ ಪ್ರಯೋಗಾಲಯದಲ್ಲಿ ಅದಿರಿನ ಪುಡಿಯನ್ನು ಕರಗಿಸಿ ಕಬ್ಬಿಣ ಎಷ್ಟಿದೆ ಎಂದು ಹೇಳುವವನು. ಸಾಹೇಬರ ಕೆಲಸ ಯಾರೂ ಸಾಯದಂತೆ ನೋಡಿಕೊಳ್ಳುವುದು. ಬೆಳಿಗ್ಗೆ ಪಾಳಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಲಗೈ ಮುಂದೆ ಚಾಚಿಸಿ, ಸುರಕ್ಷತೆಯ ಪ್ರತಿಜ್ಞೆ ಮಾಡಿಸುತ್ತಿದ್ದರು. ಅವರ ಅಂಗಿಯ ಜೇಬಿನಲ್ಲಿ ಮೂರು ಪೆನ್ನು: ನೀಲಿ ಬರೆಯಲು, ಹಸಿರು ಸಹಿಗೆ, ಕೆಂಪು ಬೇರೆಯವರ ತಪ್ಪಿಗೆ.

ಅವರ ಒಂದು ಮಾತು ಗಣಿಯಲ್ಲೆಲ್ಲ ಪ್ರಸಿದ್ಧ. "ಬರೆದಿದ್ದು ಆಗೇತಿ, ಬರೀದಿದ್ದು ಆಗೇ ಇಲ್ಲ, ತಿಳಕೋರಿ." ಈ ಮಾತಿನ ಪೂರ್ಣ ಅರ್ಥ ನನಗೆ ಆದದ್ದು ನೌಕರಿಗೆ ಸೇರಿದ ಮೊದಲ ವರ್ಷ. ಬಂಡ್ರಿ ಕಡೆಯ ಒಬ್ಬ ಕಾರ್ಮಿಕನ ಬೆರಳು ತಗಡಿಗೆ ಸಿಕ್ಕಿ ಸೀಳಿತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಗೋಡೆಯ ಮೇಲೇ ಇತ್ತು, ಬೀಗ ಹಾಕಿತ್ತು. ಬೀಗದ ಕೈ ಸಾಹೇಬರ ಜೇಬಿನಲ್ಲಿ, ಸಾಹೇಬರು ಸಂಡೂರಿನ ಮೀಟಿಂಗಿನಲ್ಲಿ. ಆತ ತನ್ನ ಟವೆಲನ್ನೇ ಹರಿದು ಸುತ್ತಿಕೊಂಡ. ಸಂಜೆ ಸಾಹೇಬರು ಬಂದು ಪೆಟ್ಟಿಗೆ ತೆರೆದು ನಮಗೆಲ್ಲ ತೋರಿಸಿದರು. "ನೋಡ್ರಿ, ಬ್ಯಾಂಡೇಜು, ಹತ್ತಿ, ಟಿಂಚರು, ಒಂದೂ ಕಮ್ಮಿ ಆಗಿಲ್ಲ." ಚಿಕಿತ್ಸೆ ಕೊಡದೆ ಇದ್ದುದರಿಂದ ಗಾಯವೂ ದಾಖಲಾಗಲಿಲ್ಲ. ಬೆರಳಿಗೆ ಮಾತ್ರ ಈ ವಿಷಯ ಯಾರೂ ತಿಳಿಸಿರಲಿಲ್ಲ. ಅದು ಹದಿನೈದು ದಿನ ಕೀವು ಕಟ್ಟಿತು.

ಬೆಂಕಿಯ ಅಣಕು ಕವಾಯತಿನ ಹಿಂದಿನ ದಿನವೇ ನೋಟಿಸು ಬರುತ್ತಿತ್ತು: ನಾಳೆ ಹನ್ನೊಂದಕ್ಕೆ ಅನಿರೀಕ್ಷಿತ ಸೈರನ್. ನಾವು ಹತ್ತು ಐವತ್ತಕ್ಕೇ ಚಹಾದ ಲೋಟ ಹಿಡಿದು ಹೊರಗೆ ನಿಂತಿರುತ್ತಿದ್ದೆವು. ಎರಡು ನಿಮಿಷದಲ್ಲಿ ಕಟ್ಟಡ ಖಾಲಿ ಎಂದು ಅವರು ಹೆಮ್ಮೆಯಿಂದ ಬರೆದುಕೊಳ್ಳುತ್ತಿದ್ದರು.

ಹಾಗೆಂದು ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಿತ್ತು. ಹೊಸದಾಗಿ ಸೇರಿದ ಕಾರ್ಮಿಕನ ಮುಂದೆ, ಆತ ಎಷ್ಟೇ ಬಡಪಾಯಿಯಾಗಿರಲಿ, ನೆಲಕ್ಕೆ ಮೊಣಕಾಲೂರಿ ಕೂತು, ಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ, "ಕಾಲ ಬಟ್ಟಿಗೆ ಬಡಿತೈತೇನಪಾ? ಒಂದು ನಂಬರ್ ದೊಡ್ಡದು ಬೇಕೇನು?" ಎಂದು ಕೇಳುತ್ತಿದ್ದರು. ಐವತ್ತೊಂಬತ್ತರ ಮಂಡಿ ಲಟಲಟ ಎನ್ನುತ್ತಿದ್ದರೂ ಕೇಳುತ್ತಿದ್ದರು. ಕೇಳಿದ ಮೇಲೆ ಬರೆದುಕೊಳ್ಳುತ್ತಿದ್ದರು, ಅದು ಬೇರೆ.

ನಿವೃತ್ತಿಗೆ ಒಂದು ವರ್ಷವಿರುವಾಗ ಅವರು ಹೊಸ ಮೋಟಾರ್‌ಸೈಕಲ್ ಕೊಂಡರು. ಕಪ್ಪು ಬಣ್ಣ, ಎರಕದ ಮಿಶ್ರಲೋಹದ ಗಾಲಿಗಳು, ಟ್ಯೂಬಿಲ್ಲದ ಟೈರು. ಹಂಪಿಗೆ ಒಯ್ದು ಪೂಜೆ ಮಾಡಿಸಿದರು. ನಾನೂ ಜೊತೆಗಿದ್ದೆ. ಪೂಜಾರಿ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, "ಹತ್ತಿಸ್ರಿ ಯಜಮಾನ್ರ" ಎಂದರೆ ಇವರು ಜೇಬಿನಿಂದ ಗಾಳಿಯ ಮಾಪಕ ತೆಗೆದು ಮುಂದಿನ ಟೈರಿಗೆ ಹಚ್ಚಿದರು. "ಏ, ಹಿಂದ ಮದುವಿ ಗಾಡಿ ನಿಂತಾವ್ರಿ" ಎಂದ ಪೂಜಾರಿ. "ಇರ್ರಿ ಸ್ವಾಮಿ, ಹೊರಡೋಕ ಮುಂಚೆ ಚೆಕ್ ಮಾಡಬೇಕಂತ ರೂಲ್ ಐತಿ." ಮುಳ್ಳು ಸರಿಯಾಗಿ ಗಾಡಿ ಕಂಪನಿ ಹೇಳಿದ ಇಪ್ಪತ್ತೆಂಟರ ಮೇಲೆ ನಿಂತಿತು. ಆಮೇಲೆಯೇ ನಿಂಬೆಹಣ್ಣು ಒಡೆದದ್ದು.

ನಾವಿಬ್ಬರೂ ಹೊಸಪೇಟೆಯ ಚಿತ್ತವಾಡ್ಗಿಯವರು, ನಡುವೆ ಒಂದೇ ಓಣಿ. ಅಲ್ಲಿಯವರೆಗೆ ನಾವು ಸಂಡೂರಿನ ಘಾಟ್ ದಾಟಿ ಗಣಿಗೆ ಕಂಪನಿಯ ಬಸ್ಸಿನಲ್ಲೇ ಹೋಗುತ್ತಿದ್ದೆವು. ಗಾಡಿ ಬಂದ ಮರುದಿನ ನನ್ನ ಮನೆ ಮುಂದೆ ಹಾರ್ನ್ ಬಾರಿಸಿದರು. "ಹಿಂದ ಕುಂದ್ರಿ, ಬಸ್ಸು ಯಾಕ?" ನನ್ನ ಮೇಲೆ ಅಷ್ಟು ಪ್ರೀತಿ ಏಕೆಂದು ಒಂದು ವಾರದಲ್ಲಿ ಗೊತ್ತಾಯಿತು. ಅವರು ಗಾಡಿಗೊಂದು ದಿನಚರಿ ಇಟ್ಟಿದ್ದರು. ಬ್ರೇಕು, ದೀಪ, ಹಾರ್ನು, ಗಾಳಿ. ಪ್ರತಿ ಸಾಲಿನ ಕೊನೆಗೆ ಎರಡು ಸಹಿಯ ಜಾಗ: ಒಂದು ಪರೀಕ್ಷಿಸಿದವರದು, ಇನ್ನೊಂದು ಸಾಕ್ಷಿಯದು. ನಾನು ಸಾಕ್ಷಿ. ಎಂ.ಎಸ್ಸಿ. ಓದಿದವನ ಸಹಿಗೆ ತೂಕ ಜಾಸ್ತಿ ಎಂದರು. ನನಗೂ ಒಳಗೊಳಗೇ ಖುಷಿಯಾಯಿತು. ಅವರ ಅಂಗಳದಲ್ಲಿ ನಿಂತು, ಮಾಪಕದಲ್ಲಿ ಇಪ್ಪತ್ತೆಂಟು ನೋಡಿ, ಸಹಿ ಹಾಕಿ, ಹಿಂದೆ ಹತ್ತುತ್ತಿದ್ದೆ.

ಎರಡು ತಿಂಗಳು ಆ ಮುಳ್ಳು ಇಪ್ಪತ್ತೆಂಟು ಬಿಟ್ಟು ಕದಲಲಿಲ್ಲ. ಹೊಸ ಗಾಡಿ ಎಂದರೆ ಹೀಗಿರಬೇಕು ಎಂದುಕೊಂಡೆ.

ಒಂದು ದಿನ ನಾನು ಹತ್ತು ನಿಮಿಷ ಮುಂಚೆ ಹೋದೆ. ಸಾಹೇಬರು ಲುಂಗಿ ಎತ್ತಿ ಕಟ್ಟಿ ಕಾಲು ಪಂಪಿನ ಮೇಲೆ ಕುಣಿಯುತ್ತಿದ್ದರು. ಮುಂದಿನ ಟೈರು ಸುಸ್ತಾದ ಎಮ್ಮೆಯ ಹೊಟ್ಟೆಯಂತೆ ನೆಲಕ್ಕೆ ಹರಡಿಕೊಂಡಿತ್ತು. ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಅವರು ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳು, ಮಾತು ಅಳೆದು ಆಡುವವರಲ್ಲ.

"ನೋಡ್ರಿ ತಮ್ಮಾ ನಿಮ್ಮ ಸಾಹೇಬ್ರನ್ನ. ಎರಡು ತಿಂಗಳಾತು, ದಿನಾ ಮುಂಜಾನೆ ಇದ ಕುಣಿತ. ಕೇಳಿದ್ರ ವ್ಯಾಯಾಮ ಅಂತಾರ."

ನಾನು ಟೈರಿನ ಕಡೆ ಬೆರಳು ತೋರಿಸಿದೆ. "ಸರ್, ದಿನಾ ಗಾಳಿ ಹೋಗ್ತೈತೇನ್ರಿ?"

"ಹೋಗ್ತೈತಿ, ಸ್ವಲ್ಪ."

"ಮತ್ತ ಬುಕ್ಕಿನಾಗ ಇಪ್ಪತ್ತೆಂಟು?"

ಅವರು ಪಂಪಿನಿಂದ ಇಳಿದು, ಬೆವರು ಒರೆಸಿಕೊಂಡು, ಮಾಪಕ ಹಚ್ಚಿ ತೋರಿಸಿದರು. ಇಪ್ಪತ್ತೆಂಟು. "ಐತಿಲ್ಲೋ? ಹೊರಡೋಕ ಮುಂಚೆ ಅಳೀಬೇಕು ಅಂತ ರೂಲು. ಗಾಳಿ ತುಂಬೋಕ ಮುಂಚೆ ಅಂತ ಎಲ್ಲಿ ಬರದೈತಿ ತೋರಿಸ್ರಿ."

"ನಮ್ಮ ತವರಮನಿ ಮಿಲ್ಲಿನಾಗ," ಎಂದರು ಅವರ ಹೆಂಡತಿ, "ತೂತು ಬಿದ್ದ ಚೀಲಕ್ಕ ದಿನಾ ಅಕ್ಕಿ ತುಂಬಂಗಿಲ್ಲ, ತೂತು ಹೊಲಿತಾರ."

"ನೀ ಒಳಗ ಹೋಗು. ನಿಂಗ ಟೆಕ್ನಿಕಲ್ ತಿಳಿಯಂಗಿಲ್ಲ."

ಆ ದಿನವೂ ಸಹಿ ಹಾಕಿದೆ. ಅದು ಸುಳ್ಳಲ್ಲ ನೋಡಿ. ಮುಳ್ಳು ನಿಜಕ್ಕೂ ಇಪ್ಪತ್ತೆಂಟರ ಮೇಲಿತ್ತು.

ಭಾನುವಾರ ಹಟ ಹಿಡಿದು ಅವರನ್ನು ನಮ್ಮ ಓಣಿಯ ಪಂಕ್ಚರ್ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಮುದುಕ ಗಾಲಿ ಬಿಚ್ಚಿ, ನೀರಿನ ತೊಟ್ಟಿಯಲ್ಲಿ ತಿರುಗಿಸಿ, ಟೈರಿನಲ್ಲಿ ಏನೂ ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಸಾಬೂನಿನ ನೊರೆಯನ್ನು ರಿಮ್ಮಿಗೆ ಬಳಿದು ಸುಮ್ಮನೆ ಕೂತ. ಬಲಮಗ್ಗುಲಲ್ಲಿ, ಕಡ್ಡಿ ರಿಮ್ಮಿಗೆ ಕೂಡುವ ಬುಡದಲ್ಲಿ, ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು.

"ಟೈರಲ್ರಿ ಸಾಹೇಬ್ರ, ರಿಮ್ಮ ಸೀಳೈತಿ. ಎರಕದಾಗಿನ ಐಬು. ಇವತ್ತು ಕೂದಲಷ್ಟೈತಿ, ಭಾರ ಬಿದ್ದಂಗ ದೊಡ್ಡದಾಗ್ತೈತಿ. ಇದರ ಮ್ಯಾಲ ಘಾಟ್ ಇಳಿಬ್ಯಾಡ್ರಿ."

"ಹೊಸ ಗಾಡೀರಿ ಇದು."

"ಹೊಸಾ ಗಡಿಗೀನೂ ಸೋರ್ತಾವ್ರಿ. ಬಾರಿಸಿ ನೋಡಿ ತಗೋಬೇಕು."

ಅಂಗಡಿಯ ಮುಂದೆ ಕೂತಿದ್ದ ಇಬ್ಬರು ನಕ್ಕರು. ಸಾಹೇಬರ ಮುಖ ಕೆಂಪು ಪೆನ್ನಿನ ಬಣ್ಣಕ್ಕೆ ತಿರುಗಿತು. ಆದರೂ ಮರುದಿನ ಅರ್ಧ ದಿನ ರಜೆ ಹಾಕಿ ಷೋರೂಮಿಗೆ ಹೋದರು, ಸಾಕ್ಷಿಯಾಗಿ ನಾನೂ. ಹೋಗುವ ಮುಂಚೆ, ಎಂದಿನಂತೆ, ಗಾಳಿ ತುಂಬಿದರು.

ಷೋರೂಮಿನ ಸರ್ವಿಸ್ ನೋಡಿಕೊಳ್ಳುವ ಯುವಕ ಭಾಳ ಮರ್ಯಾದೆಯವನು. ಎಸಿ ರೂಮಿನಲ್ಲಿ ಕೂರಿಸಿ ಕಾಫಿ ಕೊಟ್ಟ. ಮಾಪಕ ಹಚ್ಚಿ ನೋಡಿದ. ಇಪ್ಪತ್ತೆಂಟು. "ಕರೆಕ್ಟ್ ಐತಲ್ರಿ ಸರ್?" ಸಾಹೇಬರು ತಮ್ಮ ಮಾತಿಗೆ ಬಲವಿರಲೆಂದು ದಿನಚರಿ ತೆಗೆದು ಮೇಜಿನ ಮೇಲಿಟ್ಟರು. ಅಲ್ಲಿಗೆ ಮುಗಿಯಿತು. ಆತ ಪುಟ ತಿರುವುತ್ತ ಹೋದಂತೆ ಆತನ ಮುಖ ಅರಳುತ್ತ ಹೋಯಿತು.

"ಇಪ್ಪತ್ತೆಂಟು, ಇಪ್ಪತ್ತೆಂಟು, ಇಪ್ಪತ್ತೆಂಟು... ಸರ್, ಎರಡು ತಿಂಗಳಾಗ ಒಂದು ಪಾಯಿಂಟ್ ಇಳಿದಿಲ್ಲ! ಇಂಥಾ ವ್ಹೀಲು ನಾ ನೋಡೇ ಇಲ್ರಿ. ಎರಡೆರಡು ಸಹಿ ಬ್ಯಾರೆ ಅದಾವ." ಪುಟಗಳನ್ನು ತನ್ನ ಫೋನಿನಲ್ಲಿ ಫೋಟೊ ತೆಗೆದುಕೊಂಡ. "ಇದರ ಮ್ಯಾಲ ವಾರಂಟಿ ಕ್ಲೇಮ್ ಹಾಕಿದ್ರ ಕಂಪನಿಯವ್ರು ನನಗ ಬೈತಾರ್ರಿ."

ನಾನು ಬಾಯಿ ಬಿಟ್ಟೆ: "ಅದು ಗಾಳಿ ತುಂಬಿದ ಮೇಲೆ..." ಮೇಜಿನ ಕೆಳಗೆ ಸಾಹೇಬರು ನನ್ನ ಪಾದ ತುಳಿದರು. ಸುರಕ್ಷತಾ ಬೂಟು, ಮೂತಿಯಲ್ಲಿ ಕಬ್ಬಿಣ. ನಾನು ಚಪ್ಪಲಿಯಲ್ಲಿದ್ದೆ.

ಹೊರಗೆ ಬಂದು ಅವರು ಹೇಳಿದರು: "ಮೂವತ್ತು ವರ್ಷ ಸೇಫ್ಟಿ ಮಾಡೀನಿ. ನನ್ನ ಬುಕ್ಕು ತಪ್ಪು ಅಂತ ಒಬ್ಬ ಹುಡುಗನ ಮುಂದ ಹೇಳಲೇನು?" ಪಂಕ್ಚರ್ ಅಂಗಡಿಯ ಮುದುಕ ಟ್ಯೂಬು ಹಾಕಿಕೊಡುತ್ತೇನೆ ಎಂದಿದ್ದ. ಅದಕ್ಕೂ ಒಪ್ಪಲಿಲ್ಲ, ಹೊರಗಿನವರು ಕೈ ಹಾಕಿದರೆ ವಾರಂಟಿ ಹೋಗುತ್ತದಂತೆ. ಹೀಗೆ ಯಾರೂ ಕೊಡದ ವಾರಂಟಿಯೊಂದನ್ನು ಜೋಪಾನ ಮಾಡುತ್ತ, ಸೀಳಿದ ರಿಮ್ಮಿನ ಮೇಲೆ ನಾವಿಬ್ಬರು ಮತ್ತೆ ಘಾಟ್ ಹತ್ತಿ ಇಳಿಯತೊಡಗಿದೆವು.

ನಾನೇಕೆ ಹತ್ತಿದೆ? ಈ ಪ್ರಶ್ನೆಯನ್ನು ಆಸ್ಪತ್ರೆಯಲ್ಲಿ ನನ್ನ ತಂಗಿ ಕೇಳಿದಳು, ನಾನೂ ನನಗೆ ದಿನಾ ಕೇಳಿಕೊಳ್ಳುತ್ತೇನೆ. ಗುಳ್ಳೆಗಳನ್ನು ಕಣ್ಣಾರೆ ಕಂಡವನು ನಾನು. ಒತ್ತಡ, ಲೋಹ, ಬಿರುಕು, ಇವನ್ನೆಲ್ಲ ಓದಿ ಅಂಕ ತೆಗೆದವನು. ಆದರೂ ಮಂಗಳವಾರ ಹತ್ತಿದೆ, ಬುಧವಾರ ಹತ್ತಿದೆ. ಹಿರಿಯರು ಬಾಗಿಲಿಗೆ ಬಂದು ಹಾರ್ನ್ ಬಾರಿಸಿದಾಗ ಒಲ್ಲೆ ಎನ್ನುವುದು ಹೇಗೆಂದು ನನಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ. ಸಾಯುವುದಕ್ಕಿಂತ ಮುಜುಗರವೇ ದೊಡ್ಡದೆಂದು ಕಂಡಿತು.

ಬುಧವಾರ ಸಂಜೆ, ಇನ್ನೂ ಚೆನ್ನಾಗಿ ಬಿಸಿಲಿತ್ತು. ಸಂಡೂರು ದಾಟಿ ಹೊಸಪೇಟೆಯ ಕಡೆ ಇಳಿಯುತ್ತಿದ್ದೆವು. ಸಂಜೆ ಗಾಳಿ ನೋಡುವ ರೂಢಿ ಇರಲಿಲ್ಲ; ರೂಲು ಬೆಳಿಗ್ಗೆಗೆ ಮಾತ್ರ. ಇಳಿಜಾರಿನಲ್ಲಿ ಹ್ಯಾಂಡಲ್ಲು ಮೀನಿನಂತೆ ಹೊರಳುವುದು ಹಿಂದೆ ಕೂತ ನನ್ನ ತೊಡೆಗೂ ಗೊತ್ತಾಯಿತು.

"ಸರ್, ಗಾಡಿ ಅಲ್ಲಾಡಾಕತ್ತೈತಿ."

"ರಸ್ತಾ ಸರಿ ಇಲ್ರಿ."

"ಸರ್, ನಿಲ್ಲಿಸ್ರಿ."

"ನೀವು ಅಲ್ಲಾಡಬ್ಯಾಡ್ರಿ, ಗಾಡಿ ಅಲ್ಲಾಡಂಗಿಲ್ಲ."

ತಿರುವು ಬಂತು. ಎದುರಿಗೆ ಅದಿರು ಇಳಿಸಿ ವಾಪಸು ಬರುತ್ತಿದ್ದ ಟಿಪ್ಪರು. ಮುಂದಿನ ಗಾಲಿ ಮಡಚಿಕೊಂಡಿತು. ಗಾಡಿ ಎಡಕ್ಕೆ ಬಿದ್ದು ಸಾಹೇಬರನ್ನು ಎಳೆದುಕೊಂಡು ಚರಂಡಿಯ ಕಡೆ ಜಾರಿತು; ನಾನು ಬಲಕ್ಕೆ, ರಸ್ತೆಯ ನಡುವಿಗೆ ಬಿದ್ದೆ. ಸದ್ದು ಯಾವುದೂ ನೆನಪಿಲ್ಲ. ನೆನಪಿರುವುದು ಟಿಪ್ಪರಿನ ಹಿಂದಿನ ಜೋಡಿ ಗಾಲಿ. ಅದು ನನ್ನ ಮುಖದ ಕಡೆಗೆ ಬಂತು, ಕೆಂಪು ಮಣ್ಣು ಮೆತ್ತಿಕೊಂಡ ಅದರ ಸೀಳುಗಳು ಕಂಡವು, ಒಂದು ಸೀಳಿನಲ್ಲಿ ಬಿಳಿಯ ಹರಳೊಂದು ಸಿಕ್ಕಿಕೊಂಡಿತ್ತು, ಆ ಹರಳು ಮೇಲಿನಿಂದ ಕೆಳಗೆ ತಿರುಗಿ ಬಂದು ನನ್ನ ಹೆಲ್ಮೆಟ್ಟಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಈಗಲೂ ಪ್ರಯೋಗಾಲಯದಲ್ಲಿ ಅದಿರು ಜರಡಿ ಹಿಡಿಯುವಾಗ ಬಿಳಿಯ ಚೂರು ಕಂಡರೆ ಕೈ ನಿಲ್ಲುತ್ತದೆ. ಆತ ಬ್ರೇಕು ಒಂದು ಕ್ಷಣ ತಡವಾಗಿ ಒತ್ತಿದ್ದರೆ? ನಾನು ಒಂದು ಗೇಣು ಹೆಚ್ಚು ಜಾರಿದ್ದರೆ? ಲೆಕ್ಕ ಹಾಕುತ್ತೇನೆ, ಮತ್ತೆ ಹಾಕುತ್ತೇನೆ. ಪ್ರತಿ ಸಲವೂ ಉತ್ತರ ಒಂದು ಗೇಣೇ.

ಟಿಪ್ಪರಿನ ಚಾಲಕ ಇಳಿದು ಬಂದ. "ಯಾಕ್ರಲೇ, ಸಾಯಾಕ ನನ್ನ ಗಾಡೀನ ಬೇಕಿತ್ತೇನು? ಮನ್ಯಾಗ ನನಗೂ ಹೆಂಡ್ರು ಮಕ್ಕಳದಾರ!"

ಸಾಹೇಬರು ಕುಂಟುತ್ತ ಎದ್ದು ಬಂದರು. ಪ್ಯಾಂಟು ಹರಿದು ಮಂಡಿ ಕಾಣುತ್ತಿತ್ತು. ನನ್ನ ಬಳಿ ಬರಲಿಲ್ಲ. ನೇರ ಗಾಡಿಯ ಬಳಿ ಹೋಗಿ, ಮುಂದಿನ ಟೈರಿಗೆ ಮಾಪಕ ಹಚ್ಚಿದರು. ಮುಳ್ಳು ಏಳಲಿಲ್ಲ. ತಟ್ಟಿದರು, ಮತ್ತೆ ಹಚ್ಚಿದರು. ಟಿಪ್ಪರಿನವನು ನನ್ನನ್ನು ಎಬ್ಬಿಸಿ ಕೂರಿಸುತ್ತ, "ಈ ಯಜಮಾನ್ರಿಗೆ ತಲೀಗೆ ಪೆಟ್ಟಾಗೇತೇನ್ರಿ?" ಎಂದು ಕೇಳಿದ. ಇಲ್ಲ, ಮೊದಲಿನಿಂದಲೂ ಹೀಗೇ ಎಂದು ಹೇಳಬೇಕೆನಿಸಿತು, ಬಾಯಿಯಲ್ಲಿ ಮಣ್ಣಿತ್ತು.

ನನ್ನ ಮೊಣಕೈಗೆ ಪಟ್ಟಿ ಬಿತ್ತು. ಎಂಟು ದಿನದ ಮೇಲೆ ಸಾಹೇಬರು ಮನೆಗೆ ಬಂದರು. ಹಾರ್ನ್ ಇಲ್ಲ, ನಡೆದುಕೊಂಡು ಬಂದಿದ್ದರು. ಕಂಕುಳಲ್ಲಿ ದಿನಚರಿ. "ಷೋರೂಮಿಗೆ ಹೋಗಬೇಕು. ನೀವು ಬರ್ರಿ," ಎಂದರು. ಬಿದ್ದ ಗಾಡಿಯನ್ನು ಅವರು ಟೆಂಪೊದಲ್ಲಿ ಮೊದಲೇ ಅಲ್ಲಿಗೆ ಸಾಗಿಸಿದ್ದರು.

ಅದೇ ಯುವಕ, ಅದೇ ಕಾಫಿ; ಈ ಸಲ ಕೂರಿಸಿದ್ದು ಮಾತ್ರ ಹೊರಗಿನ ಕೌಂಟರಿನಲ್ಲಿ. "ರಿಮ್ಮು ಆಕ್ಸಿಡೆಂಟಿನಾಗ ಸೀಳೈತಿ ಸರ್. ಅದಕ್ಕ ವಾರಂಟಿ ಬರಂಗಿಲ್ಲ. ಮುಂಚೆ ಸೋರತಿತ್ತು ಅನ್ನಾಕ ನಿಮ್ಮ ಬುಕ್ಕಿನಾಗ ಇಪ್ಪತ್ತೆಂಟೇ ಐತಿ."

ಸಾಹೇಬರು ಕಾಫಿಯ ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು: "ಆ ಬುಕ್ಕು ತಪ್ಪೈತಿ."

"ಏನ್ರಿ ಸರ್?"

"ತಪ್ಪು ಬರದೀನಿ. ದಿನಾ ಗಾಳಿ ತುಂಬಿ ಆಮೇಲೆ ಅಳದೀನಿ. ಈ ವ್ಹೀಲು ಬಂದ ದಿನದಿಂದ ಸೋರತೈತಿ. ಇವರದು ತಪ್ಪಿಲ್ಲ, ನಾ ಹೇಳಿದ್ದಕ್ಕ ಸಹಿ ಹಾಕ್ಯಾರ."

ಕೌಂಟರಿನ ಮುಂದೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಇನ್ನು ಅಲ್ಲಿಗೆ ಬಿಟ್ಟರೆ ಅವರು ಸೇಫ್ಟಿ ಸಾಹೇಬರು ಹೇಗಾದಾರು? ಜೇಬಿನಿಂದ ಸ್ಕೇಲು ತೆಗೆದರು. ಕೆಂಪು ಪೆನ್ನು ತೆಗೆದರು. ಐವತ್ತೆರಡು ಸಾಲು. ಒಂದೊಂದನ್ನೂ ಸ್ಕೇಲು ಹಿಡಿದು ನೇರವಾಗಿ ಹೊಡೆದುಹಾಕಿ, ಪಕ್ಕದಲ್ಲಿ 'ಗಾಳಿ ತುಂಬಿದ ನಂತರ' ಎಂದು ಬರೆದು, ಸಹಿ ಮಾಡಿ, ನನ್ನ ಕಡೆ ತಳ್ಳಿದರು. ಪಟ್ಟಿ ಕಟ್ಟಿದ ಬಲಗೈ ಏಳದು. ನಾನು ಎಡಗೈಯಲ್ಲಿ ಸಹಿ ಹಾಕಿದೆ. "ಸರ್, ಒಂದು ಸಾಲಿಗೆ ಮಾಡಿದ್ರ ಸಾಕ್ರಿ" ಎಂದ ಯುವಕ. "ತಪ್ಪು ಐವತ್ತೆರಡು ಸಲ ಮಾಡೀನಪಾ" ಎಂದರು. ನಮ್ಮ ಹಿಂದೆ ಎಣ್ಣೆ ಬದಲಿಸಲು ಬಂದವರ ಸಾಲು ಬೆಳೆಯಿತು. ಯಾರೋ ಗೊಣಗಿದರು: "ಏನು, ಆಸ್ತಿ ಬರಸಾಕತ್ತಾರೇನು?"

ಕೊನೆಗೆ ಸಾಲಿನ ಬೇಸರಕ್ಕೋ ನಾಚಿಕೆಗೋ, ಷೋರೂಮಿನವರು ಗಾಲಿ ಬಿಚ್ಚಿಸಿ, ಗಾಳಿ ತುಂಬಿಸಿ, ನೊರೆ ಬಳಿಸಿದರು. ಗಾಡಿ ಬಿದ್ದದ್ದು ಎಡಕ್ಕೆ, ತರಚಿದ್ದೆಲ್ಲ ಎಡಮಗ್ಗುಲು. ಗುಳ್ಳೆ ಎದ್ದದ್ದು ಬಲಮಗ್ಗುಲಿನ ಬುಡದಲ್ಲಿ, ಒಂದು ಹುಬ್ಬಿನುದ್ದ. ಯುವಕ ಫೋಟೊ ತೆಗೆದ. ಹದಿನೆಂಟು ದಿನಕ್ಕೆ ಹೊಸ ಗಾಲಿ ಬಂತು.

ಗಾಲಿ ಬಂದ ಮರುದಿನ ಬೆಳಿಗ್ಗೆ ನಾನು ಹಾರ್ನ್ ಕೇಳಿಸುವ ಮೊದಲೇ ಮನೆ ಬಿಟ್ಟು ಬಸ್ಸಿನ ಜಾಗಕ್ಕೆ ಹೋಗಿ ನಿಂತೆ. ಒಲ್ಲೆ ಎನ್ನಲು ನಾನು ಕಂಡುಕೊಂಡ ಧೈರ್ಯದ ದಾರಿ ಅದು: ತಪ್ಪಿಸಿಕೊಳ್ಳುವುದು. ನೋಡಿದರೆ ಅಲ್ಲಿ ಸಾಹೇಬರು ನನಗಿಂತ ಮುಂಚೆ ಬಂದು ನಿಂತಿದ್ದರು.

"ಗಾಡಿ ಎಲ್ರಿ ಸರ್?"

"ಅಬ್ಸರ್ವೇಷನ್ನಾಗ ಇಟ್ಟೀನಿ."

ನಿವೃತ್ತರಾಗುವವರೆಗೂ ಅದು ಅಬ್ಸರ್ವೇಷನ್‌ನಲ್ಲೇ ಇತ್ತು. ಅವರ ಹೆಂಡತಿ ಅದರ ಹ್ಯಾಂಡಲ್ಲಿಗೆ ಹಪ್ಪಳದ ಬಟ್ಟೆ ಒಣಗಹಾಕುತ್ತಿದ್ದರು.

ಬಸ್ಸಿನಲ್ಲಿ ಅವರು ಚಾಲಕನ ಹಿಂದಿನ ಸೀಟು, ನಾನು ಎರಡು ಸಾಲು ಹಿಂದೆ. ಆ ಸಂಜೆಯ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಒಂದು ದಿನ ಇಳಿಜಾರಿನಲ್ಲಿ ಬಸ್ಸಿನ ಚಾಲಕ ಹಾಡು ಗುನುಗುತ್ತ, ಮುಂದಿನ ಲಾರಿಯನ್ನು ಹಿಂದಿಕ್ಕಲು ವೇಗ ಹೆಚ್ಚಿಸಿದ. ನಾವು ಬಿದ್ದಿದ್ದ ತಿರುವು ಹತ್ತಿರ ಬರುತ್ತಿತ್ತು. ನಾನು ಮುಂದಿನ ಸೀಟಿನ ಸರಳು ಹಿಡಿದುಕೊಂಡೆ. ಕೂಗಬೇಕೆಂದುಕೊಂಡೆ, ನಲವತ್ತು ಜನರ ಎದುರು ಹೇಗೆ ಕೂಗುವುದೆಂದು ಸರಳನ್ನೇ ಇನ್ನಷ್ಟು ಬಿಗಿಯಾಗಿ ಹಿಡಿದೆ.

ಸಾಹೇಬರು ಎದ್ದು ನಿಂತರು. ನಿಯಮ, ವೇಗಮಿತಿ, ನೋಟಿಸು ಏನಾದರೂ ಹೇಳುತ್ತಾರೆಂದು ಎಲ್ಲರೂ ಕಣ್ಣು ಮುಚ್ಚಿಕೊಳ್ಳುವ ತಯಾರಿಯಲ್ಲಿದ್ದರು.

"ಲೇ ತಮ್ಮಾ, ಸಾವಕಾಶ ಹೊಡಿಯೋ!"

"ಯಾಕ್ರಿ ಸಾಹೇಬ್ರ, ಏನಾತು?"

"ನನಗ ಅಂಜಿಕಿ ಆಗಾಕತ್ತೈತೋ."

ಇಡೀ ಬಸ್ಸು ಗೊಳ್ಳೆಂದು ನಕ್ಕಿತು. ಹಿಂದಿನ ಸೀಟಿನಲ್ಲಿ ಯಾರೋ ಸೀಟಿ ಹೊಡೆದರು. ಸಾಹೇಬರು ಕೂರಲಿಲ್ಲ, ಸರಳು ಹಿಡಿದು ನಿಂತೇ ಇದ್ದರು. ಅವರ ಕಿವಿಯ ತುದಿ ಕೆಂಪಾದದ್ದು ನನಗೆ ಕಾಣುತ್ತಿತ್ತು. ಚಾಲಕನೂ ನಗುತ್ತಿದ್ದ. ನಗುತ್ತಲೇ ಲಾರಿಯ ಹಿಂದಕ್ಕೆ ಸರಿದು, ಗೇರು ಇಳಿಸಿದ. ಬಸ್ಸು ತಿರುವನ್ನು ನಿಧಾನವಾಗಿ ದಾಟಿತು.